ಶಾಪೆರಾನ್: ರುಮಾಲಲ್ಲದ ರುಮಾಲು

ಯಾನ್ ವಾನ್ ಐಕ್ 1433ರಲ್ಲಿ ಬರೆದ ಪುಟ್ಟ ತೈಲಚಿತ್ರವೊಂದು ‘ಕೆಂಪು ರುಮಾಲಿನ ಮನುಷ್ಯ’ ಎಂದೇ ಹೆಸರಾಗಿದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಇದರ ಎತ್ತರ ಸುಮಾರು 26 ಸೆಂ.ಮೀ., ಅಗಲ 19. ಕಪ್ಪು ಹಿನ್ನೆಲೆ, ಮಂಕು ಉಡುಪು, ನೋಡುವವರತ್ತಲೇ ನೆಟ್ಟ ಕಣ್ಣು; ತಲೆಯ ಮೇಲೆ ಮಾತ್ರ ನಿರಿಗೆ ನಿರಿಗೆಯಾಗಿ ಕೆಂಪು. ಚಿತ್ರಕಾರ ತನ್ನನ್ನೇ ಬರೆದುಕೊಂಡಿರಬೇಕೆಂದು ಊಹಿಸುವವರು ಬಹಳ. ಅದು ಯಾರೇ ಇರಲಿ, ಆ ತಲೆಯ ಮೇಲಿರುವುದು ರುಮಾಲಲ್ಲ, ಶಾಪೆರಾನ್.

ಶಾಪೆರಾನ್ ಹೊಲಿದ ಬಟ್ಟೆ. ಕೂಸಿಗೆ ತೊಡಿಸುವ ಕುಂಚಿಗೆಯ ಹಾಗೆ ತಲೆ, ಹೆಗಲು ಎರಡನ್ನೂ ಮುಚ್ಚಿ ಮುಖಕ್ಕಷ್ಟೇ ಕಂಡಿ ಬಿಡುತ್ತಿತ್ತು. ಹಿಂದೊಂದು ಉದ್ದನೆಯ ಬಾಲ. 14ನೇ ಶತಮಾನದ ಶೋಕಿಲಾಲರು ಮುಖದ ಕಂಡಿಯನ್ನೇ ನೆತ್ತಿಗೆ ಸಿಕ್ಕಿಸಿಕೊಂಡರು. ಹೆಗಲ ಭಾಗ ಒಂದು ಕಡೆ ಜೋತುಬಿತ್ತು, ಬಾಲ ಇನ್ನೊಂದು ಕಡೆ. ಆಮೇಲೆ ಕಂಡಿಯ ಸುತ್ತ ದಪ್ಪನೆಯ ಸಿಂಬಿಯೂ ಬಂತು. ವಾನ್ ಐಕ್‌ನ ಚಿತ್ರದಲ್ಲಿ ಜೋಲುವ ತುದಿಗಳನ್ನು ಮೇಲಕ್ಕೆತ್ತಿ ಕಟ್ಟಿದೆ. ಕುಂಚ ಹಿಡಿದವನಿಗೆ ಬಣ್ಣ ತಾಗದಿರಲೆಂದು ಇರಬಹುದು. ಹಾಗೆ ಕಟ್ಟಿದ್ದರಿಂದಲೇ ಅದು ರುಮಾಲಿನಂತೆ ಕಂಡದ್ದು.

ಹೆಸರಿನ ಮೂಲ ಲ್ಯಾಟಿನ್ನಿನ ‘ಕಾಪ್ಪಾ’, ಅಂದರೆ ನಿಲುವಂಗಿ. ಕ್ಯಾಪ್, ಚಾಪೆಲ್ ಎಂಬ ಇಂಗ್ಲಿಷ್ ಮಾತುಗಳೂ ಅದೇ ಬಳ್ಳಿಯವು. ಫ್ರೆಂಚಿನಲ್ಲಿ ಬೇಟೆಯ ಡೇಗೆಯ ಕಣ್ಣು ಮುಚ್ಚುವ ತೊಗಲ ಟೊಪ್ಪಿಗೆಗೂ ಶಾಪೆರಾನ್ ಎನ್ನುತ್ತಾರೆ. ಷಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ತೋಳನ ಕಥೆಯ ಹುಡುಗಿಗೆ ಹೆಸರೇ ‘ಪುಟ್ಟ ಕೆಂಪು ಶಾಪೆರಾನ್’. ಉಡುಪು ಮೂಲೆ ಸೇರಿತು, ಮಾತು ಉಳಿಯಿತು. ತಲೆ ಕಾಯುವ ಬಟ್ಟೆಯಿಂದ, ಮದುವೆಯಾಗದ ಹುಡುಗಿಯ ಜೊತೆ ಕಾವಲಿಗೆ ಹೋಗುವ ಹಿರಿಯ ಹೆಂಗಸಿಗೆ ಅರ್ಥ ಜಿಗಿಯಿತು. ಈಗ ಇಂಗ್ಲಿಷಿನಲ್ಲಿ ಶಾಲೆಯ ಪ್ರವಾಸಕ್ಕೆ ಮಕ್ಕಳ ಬೆನ್ನಿಗೆ ಹೋಗುವ ಮೇಷ್ಟರೂ ಶಾಪೆರಾನ್. ಅವರ ತಲೆಯ ಮೇಲೆ ಏನೂ ಇರಬೇಕಾಗಿಲ್ಲ.

ರುಮಾಲು ನಡೆದದ್ದು ಇದಕ್ಕೆ ತಿರುವುಮುರುವಾದ ದಾರಿ. ಪಾರಸಿಯಲ್ಲಿ ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರೆಸುವಂಥದು. ಹಿಂದಿಯವರಿಗೆ ಅದು ಇವತ್ತಿಗೂ ಜೇಬಿನ ಕರವಸ್ತ್ರ. ಕನ್ನಡದಲ್ಲಿ ಮಾತ್ರ ಬೆವರೊರೆಸುವ ಅರಿವೆ ತಲೆಗೇರಿ, ಪೇಟ ಮುಂಡಾಸುಗಳ ಸಾಲಿನಲ್ಲಿ ಮರ್ಯಾದೆಯ ಜಾಗ ಹಿಡಿದಿದೆ.