ಬೆಂಗಳೂರಿನಿಂದ ಹೊರದೇಶಕ್ಕೆ ಕನೆಕ್ಷನ್ ರೈಲು ಪ್ರಯಾಣ: ಇತಿಹಾಸ

ಬೆಂಗಳೂರಿನಲ್ಲಿ ರೈಲು ಹತ್ತಿ, ನಡುವೆ ಎರಡು ಮೂರು ಕಡೆ ಗಾಡಿ ಬದಲಾಯಿಸಿ, ಗಡಿಯನ್ನೋ ಕಡಲನ್ನೋ ದಾಟಿ ಸಿಂಹಳ (ಇಂದಿನ ಶ್ರೀಲಂಕಾ), ನೇಪಾಳ, ಬಾಂಗ್ಲಾದೇಶಗಳಿಗೆ ಹೋಗುವ ಪ್ರಯಾಣವನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವ ಕ್ರಮವನ್ನು ಕುರಿತ ಲೇಖನವಿದು. ಈ ಊರಿನಿಂದ ಹೊರದೇಶವನ್ನು ನೇರವಾಗಿ ಮುಟ್ಟುವ ರೈಲು ಎಂದೂ ಓಡಿಲ್ಲ. ಹಾಗಾಗಿ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಪ್ರಯಾಣಿಕರಿಗೆ ಗಾಡಿಯ ವೇಗದ ಚಿಂತೆಗಿಂತ ಹೆಚ್ಚಾಗಿ ಕಾಡಿದ್ದು, ಒಂದು ಗಾಡಿ ಇಳಿದು ಇನ್ನೊಂದನ್ನು ಹತ್ತುವುದಕ್ಕೆ ನಡುವೆ ಎಷ್ಟು ಹೊತ್ತು ಬಿಟ್ಟುಕೊಳ್ಳಬೇಕು ಎಂಬ ಪ್ರಶ್ನೆ. ಒಂದೂವರೆ ಶತಮಾನದಲ್ಲಿ ಎಷ್ಟೋ ಸಂಗತಿಗಳು ಬದಲಾಗಿದ್ದರೂ ಆ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಎರಡು ಗೇಜುಗಳ ಊರು

ಬೆಂಗಳೂರಿಗೆ ಮೊದಲು ರೈಲು ಬಂದದ್ದು 1864ರಲ್ಲಿ, ಮದ್ರಾಸ್ ರೈಲ್ವೆಯ ಜೋಲಾರಪೇಟೆ ಜಂಕ್ಷನ್ನಿನಿಂದ ದಂಡಿನ ಸ್ಟೇಷನ್ನಿಗೆ, ಅದು ಅಗಲ ಹಳಿಯ ಬ್ರಾಡ್‌ಗೇಜ್. 1876–78ರ ಭೀಕರ ಬರದಲ್ಲಿ ಜನರಿಗೆ ಕೂಲಿ ಒದಗಿಸಲೆಂದು ಮೈಸೂರು ದಾರಿಯ ಮಣ್ಣಿನ ಕೆಲಸ ಆರಂಭವಾಗಿ, 1882ರಲ್ಲಿ ಆ ಹಳಿ ಮೈಸೂರು ಮುಟ್ಟಿತು, ಅದು ಕಿರಿದಾದ ಮೀಟರ್‌ಗೇಜ್. 1889ರಲ್ಲಿ ತುಮಕೂರಿನ ಮೇಲೆ ಹರಿಹರದವರೆಗೆ ಹೋದದ್ದೂ, ಮುಂದೆ ಹಿಂದೂಪುರದ ಮೂಲಕ ಗುಂತಕಲ್ಲಿಗೆ ಕೂಡಿಕೊಂಡದ್ದೂ ಮೀಟರ್‌ಗೇಜೇ. ಹೀಗೆ ಮದ್ರಾಸಿನ ಕಡೆಗೆ ಒಂದು ಅಳತೆ, ಪುಣೆ ಮತ್ತು ಗುಂತಕಲ್ಲಿನ ಕಡೆಗೆ ಇನ್ನೊಂದು ಅಳತೆಯಾಯಿತು. 1890ರ ದಶಕದಲ್ಲಿ ರೂಪುಗೊಂಡು 1898ರ ಪ್ಲೇಗಿನ ನಂತರ ತುಂಬಿಕೊಂಡ ಹೊಸ ಬಡಾವಣೆಗಳ ಮಂದಿ ದೂರ ಪ್ರಯಾಣ ಹೊರಟಾಗಲೆಲ್ಲ ಈ ಎರಡು ಅಳತೆಗಳ ನಡುವೆಯೇ ದಾರಿ ಹುಡುಕಬೇಕಿತ್ತು. ಗೇಜು ಬದಲಾಗುವ ಕಡೆ ಮನುಷ್ಯರು ಮಾತ್ರವಲ್ಲ, ಟ್ರಂಕು, ಹಾಸಿಗೆ ಸುರುಳಿ, ನೀರಿನ ಕೂಜ, ಬುತ್ತಿಯ ಡಬ್ಬ ಎಲ್ಲವೂ ಇಳಿದು ಮತ್ತೆ ಹತ್ತಬೇಕು. ಬೆಂಗಳೂರು–ಗುಂತಕಲ್ ದಾರಿ ಬ್ರಾಡ್‌ಗೇಜ್ ಆದದ್ದು 1980ರ ದಶಕದಲ್ಲಿ. ಮೈಸೂರು, ಹುಬ್ಬಳ್ಳಿ ದಾರಿಗಳ ಸರದಿ ಬಂದದ್ದು 1990ರ ದಶಕದಲ್ಲಿ.

ಗಾಡಿಗಳ ಹೊತ್ತು ಹೊಂದಬೇಕಾದರೆ ಮೊದಲು ಗಡಿಯಾರಗಳು ಹೊಂದಬೇಕು. ಒಂದೊಂದು ಊರಿನಲ್ಲಿ ಒಂದೊಂದು ಹೊತ್ತು ನಡೆಯುತ್ತಿದ್ದ ಕಾಲದಲ್ಲಿ ರೈಲ್ವೆಗಳು ಮದ್ರಾಸಿನ ಹೊತ್ತನ್ನೇ ತಮ್ಮದಾಗಿಸಿಕೊಂಡಿದ್ದವು. 1906ರ ಜನವರಿ 1ರಿಂದ ಈಗಿನ ಭಾರತೀಯ ಕಾಲಮಾನ ಜಾರಿಗೆ ಬಂತು. ಕಲ್ಕತ್ತೆಯ ನ್ಯೂಮನ್ ಸಂಸ್ಥೆ ಹೊರತರುತ್ತಿದ್ದ ಇಂಡಿಯನ್ ಬ್ರಾಡ್‌ಷಾ, ಆಮೇಲೆ ದಕ್ಷಿಣ ರೈಲ್ವೆಯ ಟೈಂಟೇಬಲ್, ಟ್ರೇನ್ಸ್ ಅಟ್ ಎ ಗ್ಲಾನ್ಸ್ ಪುಸ್ತಕಗಳು ಯೋಜನೆಯ ಆಧಾರವಾದವು. ಒಂದು ದಾರಿಯ ಕೋಷ್ಟಕದಲ್ಲಿ ಬೆರಳಿಟ್ಟುಕೊಂಡು ಇನ್ನೊಂದು ದಾರಿಯ ಕೋಷ್ಟಕ ತೆರೆದು ನೋಡುವುದು ಆ ಪುಸ್ತಕಗಳನ್ನು ಓದುವ ರೀತಿ. ರಾತ್ರಿ ಹನ್ನೆರಡು ದಾಟಿದ ಗಾಡಿಗೆ ತಾರೀಖು ಯಾವುದು ಎಂಬುದನ್ನು ಸರಿಯಾಗಿ ಹಿಡಿಯದಿದ್ದರೆ ಇಡೀ ಲೆಕ್ಕವೇ ತಪ್ಪುತ್ತಿತ್ತು.

ಕಾಶಿಯಾತ್ರೆಯ ತರಬೇತಿ

ಹೊರದೇಶದ ಪ್ರಯಾಣಕ್ಕೆ ಬೇಕಾದ ಲೆಕ್ಕಾಚಾರವನ್ನು ಹಳೆಯ ಬೆಂಗಳೂರು ಕಲಿತದ್ದು ಕಾಶಿಯಾತ್ರೆಯಲ್ಲಿ. ಕಾಜೀಪೇಟೆ–ಬಲ್ಲಾರ್‌ಷಾ ಹಳಿ ಮುಗಿದು 1929ರಲ್ಲಿ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಆರಂಭವಾಯಿತು. ಅದರ ಮೊದಲ ಓಟ ನಮ್ಮ ಮಂಗಳೂರಿಗೂ ಈಗ ಪಾಕಿಸ್ತಾನದಲ್ಲಿರುವ ಪೆಷಾವರಕ್ಕೂ ನಡುವೆ ಇತ್ತು ಎಂಬುದು ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಅದು ದೆಹಲಿ–ಮದ್ರಾಸ್ ಗಾಡಿಯಾದ ಮೇಲೆ, ಬೆಂಗಳೂರಿನವರು ಮದ್ರಾಸಿಗೆ ಹೋಗಿ ಅದನ್ನು ಹತ್ತಿ, ಇಟಾರ್ಸಿಯಲ್ಲಿ ಇಳಿದು, ಅಲಹಾಬಾದಿನ ಕಡೆಯ ಗಾಡಿ ಹಿಡಿದು ಪ್ರಯಾಗ ಮತ್ತು ಕಾಶಿ ಸೇರಬಹುದಿತ್ತು. ಕಾಶಿಯಲ್ಲಿ ಮೈಸೂರು ಸಂಸ್ಥಾನದ ಛತ್ರವಿತ್ತು.

ಕಾಶಿ, ಗಯಾ, ಪುರಿ, ರಾಮೇಶ್ವರಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವವರಿಗೆ ನೆರವಾದದ್ದು ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ಸ್ಟೇಷನ್ನಿಗೇ ಮರಳಬೇಕು, ಹೋಗುವ ದಾರಿಯನ್ನೂ ಇಳಿಯುವ ಊರುಗಳನ್ನೂ ಮೊದಲೇ ಬರೆದುಕೊಡಬೇಕು, ಹೆಚ್ಚೆಂದರೆ ಎಂಟು ಕಡೆ ಇಳಿಯಬಹುದು ಎಂಬುದು ಅದರ ನಿಯಮ. ದೂರ ಹೆಚ್ಚಿದಂತೆ ಮೈಲಿಯ ದರ ಇಳಿಯುವುದರಿಂದ ಬಿಡಿ ಟಿಕೆಟುಗಳಿಗಿಂತ ಇದು ಅಗ್ಗ. ಆದರೆ ಟಿಕೆಟ್ ಒಂದೇ ಆದರೂ ಪ್ರತಿಯೊಂದು ಗಾಡಿಗೂ ಸೀಟು ಬೇರೆಯೇ ಕಾಯ್ದಿರಿಸಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮುಂದಿನ ಊರಿನ ಸ್ಟೇಷನ್ನಿಗೆ ತಂತಿ ಹೋಗಿ ಉತ್ತರ ಬರುವವರೆಗೆ ಕಾಯಬೇಕಿತ್ತು. ಆದ್ದರಿಂದ ತಿಳಿದವರು ಹಗಲಿನ ಗಾಡಿಗೆ ಕಾಯ್ದಿರಿಸುವ ಗೋಜಿಗೆ ಹೋಗದೆ, ರಾತ್ರಿಯ ಗಾಡಿಗಳಿಗೆ ಮಾತ್ರ ಹಣ, ಶ್ರಮ ಎರಡನ್ನೂ ಖರ್ಚುಮಾಡುತ್ತಿದ್ದರು.

ಮನೆಯ ಹಿರಿಯರಿಗೆ ಟೈಂಟೇಬಲ್ಲಿನ ಜೊತೆಗೆ ಪಂಚಾಂಗವೂ ಬೇಕು. ಗಾಡಿ ಹೊರಡುವ ವೇಳೆ ರಾಹುಕಾಲಕ್ಕೆ ಸಿಕ್ಕಿಬಿದ್ದರೆ ಒಂದು ಚೀಲವನ್ನು ಒಳ್ಳೆಯ ಗಳಿಗೆಯಲ್ಲೇ ಹೊರಗೆ ಕಳುಹಿಸಿ, ಬೇರೆಯವರ ಮನೆಯಲ್ಲಿ ಪರಸ್ಥಾನ ಇಡುತ್ತಿದ್ದರು. ಶಾಸ್ತ್ರವನ್ನೂ ರೈಲ್ವೆಯ ವೇಳೆಯನ್ನೂ ಏಕಕಾಲಕ್ಕೆ ಉಳಿಸಿಕೊಂಡ ಈ ಜಾಣತನ ಮೆಚ್ಚತಕ್ಕದ್ದು. ಮಡಿಯವರು ದಾರಿಯ ಊಟ ಮುಟ್ಟದ ಕಾರಣ, ಎಷ್ಟು ದಿನದ ಅವಲಕ್ಕಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು ಕಟ್ಟಿಕೊಳ್ಳಬೇಕು ಎಂಬುದೂ ಗಾಡಿಗಳ ನಡುವಿನ ಬಿಡುವಿನ ಮೇಲೆ ನಿಂತಿತ್ತು.

ಲಂಕೆಯ ದಾರಿ

ಬೆಂಗಳೂರಿನವರ ಪಾಲಿಗೆ ನಿಜವಾದ ಹೊರದೇಶದ ರೈಲು ಪ್ರಯಾಣವೆಂದರೆ ಕೊಲಂಬೊ ಪ್ರಯಾಣ. ಮೊದಲು ತೂತ್ತುಕುಡಿಗೆ ಹೋಗಿ ಅಲ್ಲಿಂದ ರಾತ್ರಿಯೆಲ್ಲ ಹಡಗಿನಲ್ಲಿ ಸಾಗಬೇಕಿತ್ತು. 1914ರ ಫೆಬ್ರವರಿಯಲ್ಲಿ ಪಾಂಬನ್ ಸೇತುವೆ ತೆರೆದು, ಹಳಿ ಧನುಷ್ಕೋಡಿಯವರೆಗೆ ಹೋಯಿತು; ಆಚೆ ದಡದಲ್ಲಿ ಸಿಂಹಳದ ಹಳಿ ತಲೈಮನ್ನಾರಿಗೆ ಬಂತು. ನಡುವೆ ಸುಮಾರು 35 ಕಿಲೋಮೀಟರ್ ಕಡಲು. ಮದ್ರಾಸಿನ ಎಗ್ಮೋರಿನಿಂದ ಹೊರಡುವ ಇಂಡೋ–ಸಿಲೋನ್ ಎಕ್ಸ್‌ಪ್ರೆಸ್ ಜನರ ಬಾಯಲ್ಲಿ ಬೋಟ್ ಮೇಲ್ ಆಯಿತು. ಮದ್ರಾಸಿನಿಂದ ಕೊಲಂಬೊವರೆಗೆ ರೈಲು, ಹಡಗು, ಮತ್ತೆ ರೈಲು ಎಲ್ಲಕ್ಕೂ ಒಂದೇ ಟಿಕೆಟ್ ಸಿಗುತ್ತಿತ್ತು.

ಬಸವನಗುಡಿಯಿಂದ ಈ ಪ್ರಯಾಣ ಹೇಗಿರುತ್ತಿತ್ತು ಎಂಬುದನ್ನು ಕ್ರಮವಾಗಿ ನೋಡಬೇಕು. ಜಟಕಾದಲ್ಲಿ ಸಿಟಿ ಸ್ಟೇಷನ್. ಅಲ್ಲಿಂದ ಬ್ರಾಡ್‌ಗೇಜಿನ ಬೆಂಗಳೂರು ಮೇಲ್‌ನಲ್ಲಿ ಮದ್ರಾಸ್ ಸೆಂಟ್ರಲ್. ಲಂಕೆಯ ಕಡೆಯ ಗಾಡಿ ಅಲ್ಲಿಲ್ಲ, ಎಗ್ಮೋರಿನಲ್ಲಿದೆ. ಸಾಮಾನು ಹೊರಿಸಿಕೊಂಡು ಊರೊಳಗೆ ಹಾದು ಇನ್ನೊಂದು ಸ್ಟೇಷನ್ ಸೇರಬೇಕು. ಬೆಂಗಳೂರಿನ ಗಾಡಿ ತಡವಾದರೆ ಕೈತಪ್ಪುವುದು ಇಲ್ಲೇ, ಹಾಗಾಗಿ ಮದ್ರಾಸಿನಲ್ಲಿ ಅರ್ಧ ದಿನವಾದರೂ ಬಿಡುವು ಇಟ್ಟುಕೊಳ್ಳುವುದು ವಿವೇಕ. ಎಗ್ಮೋರಿನಿಂದ ಧನುಷ್ಕೋಡಿಯವರೆಗೆ ಮೀಟರ್‌ಗೇಜ್. ಗಾಡಿ ಹಡಗುಕಟ್ಟೆಯ ಮೇಲೆಯೇ ನಿಲ್ಲುತ್ತಿತ್ತು. ಇಳಿದವರು ಇರ್ವಿನ್ ಅಥವಾ ಗೋಷನ್ ಎಂಬ ಸ್ಟೀಮರ್ ಹತ್ತುತ್ತಿದ್ದರು. ತಲೈಮನ್ನಾರಿನಲ್ಲಿ ಕಾದಿರುವ ಸಿಂಹಳದ ರೈಲು ಮತ್ತೆ ಬ್ರಾಡ್‌ಗೇಜ್. ಒಂದೇ ಪ್ರಯಾಣದಲ್ಲಿ ಎರಡು ಗೇಜು, ಒಂದು ಕಡಲು. ಮದ್ರಾಸಿನ ಗೊಡವೆ ಬೇಡವೆನ್ನುವವರಿಗೆ ಜೋಲಾರಪೇಟೆ, ಈರೋಡ್ ಮೇಲೆ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿ ಬೋಟ್ ಮೇಲ್ ಹಿಡಿಯುವ ದಾರಿಯೂ ಇತ್ತು. ಮಂಟಪಂನಲ್ಲಿ ಸಿಂಹಳ ಸರ್ಕಾರದ ಆರೋಗ್ಯ ತಪಾಸಣೆಯ ಶಿಬಿರವಿತ್ತು. ಸ್ವಾತಂತ್ರ್ಯದ ನಂತರ ಪಾಸ್‌ಪೋರ್ಟು, ವೀಸಾಗಳ ಅವಧಿಯೂ ಲೆಕ್ಕದೊಳಗೆ ಸೇರಿತು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಧನುಷ್ಕೋಡಿಯನ್ನು ಅಳಿಸಿಹಾಕಿತು. ಪಾಂಬನ್ನಿನಿಂದ ಹೊರಟಿದ್ದ ಪ್ಯಾಸೆಂಜರ್ ಗಾಡಿ ಪ್ರಯಾಣಿಕರ ಸಮೇತ ಅಲೆಗಳ ಪಾಲಾಯಿತು. ಆ ಊರನ್ನು ಮತ್ತೆ ಕಟ್ಟಲಿಲ್ಲ. ಹಡಗು ಕೆಲವು ವರ್ಷ ರಾಮೇಶ್ವರದಿಂದ ಓಡಿ, ಶ್ರೀಲಂಕಾದ ಜನಾಂಗೀಯ ಕಲಹ ಹೊತ್ತಿಕೊಂಡ 1980ರ ದಶಕದಲ್ಲಿ ನಿಂತುಹೋಯಿತು. ದಕ್ಷಿಣ ಭಾರತದ ಸಾಮಾನ್ಯ ಜನರು ಕಡಿಮೆ ಖರ್ಚಿನಲ್ಲಿ, ಒಂದೇ ಚೀಟಿಯಲ್ಲಿ ಹೊರದೇಶ ಕಾಣುವ ದಾರಿ ಅದರೊಂದಿಗೆ ಮುಚ್ಚಿತು. ಅಷ್ಟು ಸರಾಗವಾದ ಇನ್ನೊಂದು ದಾರಿ ಈವರೆಗೆ ತೆರೆದಿಲ್ಲ.

ಉಳಿದ ಗಡಿಗಳು

ನೇಪಾಳದ ಕಡೆಗೆ ಎಳೆದದ್ದು ಭಕ್ತಿ. ಕಠ್ಮಂಡುವಿನ ಪಶುಪತಿನಾಥ ದೇವಾಲಯದ ಮುಖ್ಯ ಅರ್ಚಕರು ಕರ್ನಾಟಕ ಮೂಲದ ಭಟ್ಟರು. ಬಸವನಗುಡಿಯ ವೈಷ್ಣವ ಮನೆಗಳಿಗೆ ಮುಕ್ತಿನಾಥವೂ ಗಂಡಕಿಯ ಸಾಲಿಗ್ರಾಮವೂ ಹಳೆಯ ಹಂಬಲ. ರಕ್ಸೌಲಿನಿಂದ ಅಮಲೇಖ್‌ಗಂಜಿಗೆ 1927ರಿಂದ 1965ರವರೆಗೆ ನೇಪಾಳ ಸರ್ಕಾರದ ಪುಟ್ಟ ರೈಲು ಓಡುತ್ತಿತ್ತು. ಈಗ ಪಶುಪತಿನಾಥಕ್ಕೆ ಹೋಗುವವರು ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಪಟ್ನಾ ಸೇರಿ ರಕ್ಸೌಲಿಗೆ, ಮುಕ್ತಿನಾಥದವರು ಗೋರಖಪುರದ ಮೇಲೆ ಸುನೌಲಿಗೆ ಹೋಗಿ, ಗಡಿ ದಾಟಿದ ಮೇಲೆ ಬಸ್ಸು ಹಿಡಿಯುತ್ತಾರೆ. ಜಯನಗರ–ಜನಕಪುರದ ಹಳೆಯ ನ್ಯಾರೋಗೇಜ್ ದಾರಿ ಬ್ರಾಡ್‌ಗೇಜಾಗಿ 2022ರ ಏಪ್ರಿಲ್‌ನಲ್ಲಿ ಮತ್ತೆ ತೆರೆದಿದೆ.

ಪಶ್ಚಿಮಕ್ಕೆ, ಪಾಕಿಸ್ತಾನದ ಕಡೆಗೆ, 1976ರಲ್ಲಿ ಸಂಝೋತಾ, 2006ರಲ್ಲಿ ಥಾರ್ ಎಕ್ಸ್‌ಪ್ರೆಸ್ ಬಂದವು. 2019ರ ಆಗಸ್ಟಿನಲ್ಲಿ ಎರಡೂ ನಿಂತವು. ಪೂರ್ವಕ್ಕೆ ಕೋಲ್ಕತ್ತ–ಢಾಕಾ ಮೈತ್ರಿ ಎಕ್ಸ್‌ಪ್ರೆಸ್ 2008ರ ಏಪ್ರಿಲ್ 14ರಂದು ಹೊರಟಿತು. ಅದರ ಟಿಕೆಟನ್ನು ಪಾಸ್‌ಪೋರ್ಟು, ವೀಸಾ ತೋರಿಸಿ ಕೋಲ್ಕತ್ತದ ಕೌಂಟರಿನಲ್ಲೇ ಪಡೆಯಬೇಕಿತ್ತು. ಬೆಂಗಳೂರಿನ ಗಾಡಿ ಮುಟ್ಟುವುದು ಹೌರಾ, ಮೈತ್ರಿ ಹೊರಡುತ್ತಿದ್ದುದು ಹೂಗ್ಲಿ ನದಿಯ ಆಚೆಯ ಚಿತ್ಪುರ. ಹಿಂದಿನ ಸೆಂಟ್ರಲ್–ಎಗ್ಮೋರ್ ಫಜೀತಿ ಇಲ್ಲಿಯೂ ತಪ್ಪಲಿಲ್ಲ. 2024ರ ಜುಲೈಯ ಗಲಭೆಗಳಲ್ಲಿ ಆ ಸೇವೆಯೂ ನಿಂತಿತು.

ಕಂಪ್ಯೂಟರ್ ಬಂದ ಮೇಲೆ

1986ರಲ್ಲಿ ದೆಹಲಿಯಲ್ಲಿ ಮೊದಲಾದ ಕಂಪ್ಯೂಟರ್ ರಿಸರ್ವೇಶನ್ 1999ರ ಹೊತ್ತಿಗೆ ದೇಶದ ಜಾಲವಾಗಿ ಬೆಸೆದುಕೊಂಡಿತು. 2002ರಿಂದ ಮನೆಯಲ್ಲೇ ಕೂತು ಟಿಕೆಟ್ ತೆಗೆಯಬಹುದಾಯಿತು. ಕನೆಕ್ಷನ್ ಪ್ರಯಾಣಿಕರಿಗೆ ಹೆಚ್ಚು ಮಹತ್ವದ್ದು 2019ರ ಏಪ್ರಿಲ್ 1ರ ನಿಯಮ. ಎರಡು ಗಾಡಿಗಳ ಪಿಎನ್ಆರ್ ಜೋಡಿಸಿಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಎರಡನೆಯದರ ಹಣ ವಾಪಸು ಬರುತ್ತದೆ. ಮೊದಲ ಗಾಡಿ ಮುಟ್ಟಿದ ಮೂರು ಗಂಟೆಯೊಳಗೆ ಅರ್ಜಿ ಹಾಕಬೇಕು. ಗಡಿಯಾಚೆಯ ಬಸ್ಸಿಗೂ ಹಡಗಿಗೂ ಇದು ಅನ್ವಯಿಸುವುದಿಲ್ಲ. ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್‌ನಿಂದ 120 ದಿನಗಳಿಂದ 60ಕ್ಕೆ ಇಳಿಸಿದ್ದರಿಂದ, ವೀಸಾ ಮೊದಲೋ ಟಿಕೆಟ್ ಮೊದಲೋ ಎಂಬ ತೊಡಕು ಹೆಚ್ಚಾಗಿದೆ.

ಯುರೋಪಿನಲ್ಲಿ ನೆಲೆಸಿದ ಮಕ್ಕಳ ಬಳಿಗೆ ಹೋಗುವ ತಂದೆತಾಯಂದಿರು ಇದೇ ವಿದ್ಯೆಯನ್ನು ಅಲ್ಲಿಯೂ ಬಳಸುತ್ತಾರೆ. 1959ರಲ್ಲಿ ಬಂದ ಯೂರೇಲ್ ಪಾಸ್ ಯುರೋಪಿನ ಹೊರಗಿನವರಿಗೆಂದೇ ಇರುವುದು. ಆದರೆ ಹಲವು ವೇಗದ ಗಾಡಿಗಳಿಗೆ ಪಾಸಿನ ಮೇಲೆ ಸೀಟಿನ ಹಣ ಬೇರೆ ಕೊಡಬೇಕೆಂಬುದು ಸರ್ಕ್ಯುಲರ್ ಟಿಕೆಟ್ ಬಲ್ಲವರಿಗೆ ಹೊಸದಲ್ಲ. ಅಲ್ಲಿ ಎಲ್ಲ ಗಾಡಿಗಳೂ ಒಂದೇ ಟಿಕೆಟಿನಲ್ಲಿದ್ದರೆ ಕನೆಕ್ಷನ್ ತಪ್ಪಿದಾಗ ಮುಂದಕ್ಕೆ ಕಳುಹಿಸುವ ಹೊಣೆ ರೈಲ್ವೆಯದು. ಆದ್ದರಿಂದ ತುಸು ದುಬಾರಿಯಾದರೂ ಒಂದೇ ಟಿಕೆಟ್ ತೆಗೆಯುವುದು ಮೇಲು.

ಲಂಕೆಯ ದಾರಿಯ ತುಂಡುಗಳು ಮತ್ತೆ ಒಂದೊಂದಾಗಿ ಸಿದ್ಧವಾಗುತ್ತಿವೆ. ಯುದ್ಧದಲ್ಲಿ ಹಾಳಾಗಿದ್ದ ತಲೈಮನ್ನಾರ್ ಹಳಿ 2015ರ ಮಾರ್ಚ್ 14ರಂದು ಮತ್ತೆ ತೆರೆಯಿತು. 2025ರ ಏಪ್ರಿಲ್ 6ರಂದು ಹೊಸ ಪಾಂಬನ್ ಸೇತುವೆ ಬಂತು. ಆ ಎರಡು ಕೊನೆಗಳ ನಡುವೆ ಹಡಗಿಲ್ಲ. ಹಡಗು ಇರುವುದು ಬೇರೆ ಕಡೆ: 2023ರ ಅಕ್ಟೋಬರ್‌ನಲ್ಲಿ ನಾಗಪಟ್ಟಿಣಂನಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಆರಂಭವಾದ ಸೇವೆ. ಎರಡೂ ದಡಗಳಲ್ಲಿ ರೈಲು ಇದೆ. ಹಿಂಗಾರಿನ ತಿಂಗಳುಗಳಲ್ಲಿ ಹಡಗು ನಿಲ್ಲುವುದುಂಟು. ಹಾಗಾಗಿ ಈ ದಾರಿಯಲ್ಲಿ ಹೊರಡುವವರು ಮೊದಲು ಹಡಗಿನ ದಿನ ಗೊತ್ತುಮಾಡಿಕೊಂಡು, ಅದರ ಹಿಂದಿನ ದಿನವೇ ನಾಗಪಟ್ಟಿಣಂ ಮುಟ್ಟುವಂತೆ ರೈಲು ಕಾಯ್ದಿರಿಸಿ, ಆಚೆ ದಡದ ಕೊಲಂಬೊ ಗಾಡಿಯನ್ನು ಕೊನೆಗೆ ನೋಡಿಕೊಳ್ಳಬೇಕು.