ನುಡಿಗಟ್ಟು ಕಲಿಸಿದ ಟೋಕಿಯೋ

ಇಂಗ್ಲಿಷ್ ನುಡಿಗಟ್ಟುಗಳನ್ನು ಪರಭಾಷಿಕರಿಗೆ ಕ್ರಮಬದ್ಧವಾಗಿ ಕಲಿಸುವ ಕೆಲಸ ಹದಕ್ಕೆ ಬಂದದ್ದು ಬಹುಮಟ್ಟಿಗೆ ಜಪಾನಿನಲ್ಲಿ. 1868ರ ನಂತರ ಮೇಜಿ ಸರ್ಕಾರ ಪಾಶ್ಚಾತ್ಯ ವಿದ್ಯೆಯನ್ನು ತ್ವರೆಯಿಂದ ಬರಮಾಡಿಕೊಂಡಿತು. ಟೋಕಿಯೋದ ಇಂಪೀರಿಯಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬ್ರಿಟಿಷ್ ಅಧ್ಯಾಪಕರು ಇಂಗ್ಲಿಷಿನಲ್ಲೇ ಪಾಠ ಹೇಳುತ್ತಿದ್ದರು. ಆದರೆ ಬೇರೆ ಅನೇಕ ಶಾಲೆಗಳಲ್ಲಿ ಇಂಗ್ಲಿಷ್ ಓದು ಪ್ರಾಚೀನ ಚೀನೀ ಗ್ರಂಥಗಳನ್ನು ಓದುವ ಹಳೆಯ ಜಾಡಿನಲ್ಲೇ ಸಾಗಿತ್ತು. ಪ್ರತಿ ಪದಕ್ಕೂ ಜಪಾನಿ ಅರ್ಥ ಬರೆದುಕೊಂಡು, ಜಪಾನಿ ವಾಕ್ಯದ ಕ್ರಮಕ್ಕೆ ಹೊಂದುವಂತೆ ಅಂಕಿ ಹಾಕಿ, ಹಿಂದುಮುಂದಾಗಿ ಓದುತ್ತಿದ್ದರು. ಉಚ್ಚಾರಣೆಗೆ ಬೆಲೆಯಿರಲಿಲ್ಲ. ನುಡಿಗಟ್ಟು ಎದುರಾದರೆ ಈ ಓದು ಮುಗ್ಗರಿಸುತ್ತಿತ್ತು. ‘ಪುಟ್ ಅಪ್ ವಿತ್’ ಎಂಬುದನ್ನು ಬಿಡಿಸಿದರೆ ‘ಇಡು’, ‘ಮೇಲೆ’, ‘ಜೊತೆ’ ಎಂಬ ಮೂರು ಅರ್ಥ ಸಿಗುತ್ತವೆ; ‘ಸಹಿಸಿಕೊ’ ಎಂಬ ಅರ್ಥ ಅವುಗಳಲ್ಲಿ ಎಲ್ಲೂ ಇಲ್ಲ. ಪದಪದಕ್ಕೆ ಅರ್ಥ ಕೊಡುವ ನಿಘಂಟಿನಲ್ಲೂ ಅದು ಸಿಗುತ್ತಿರಲಿಲ್ಲ.

ಈ ತೊಡಕನ್ನು ತರಗತಿಯಲ್ಲೇ ಕಂಡವರು ಸ್ಕಾಟ್ಲೆಂಡಿನ ಜೇಮ್ಸ್ ಮೇನ್ ಡಿಕ್ಸನ್. ಎಂಜಿನಿಯರಿಂಗ್ ಕಾಲೇಜಿನಲ್ಲೂ ಮುಂದೆ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲೂ ಇಂಗ್ಲಿಷ್ ಕಲಿಸಿದ ಅವರು, ಜಪಾನಿ ವಿದ್ಯಾರ್ಥಿಗಳಿಗಾಗಿಯೇ 1880ರ ದಶಕದ ಕೊನೆಯ ಭಾಗದಲ್ಲಿ ನುಡಿಗಟ್ಟುಗಳ ನಿಘಂಟೊಂದನ್ನು ಹೊರತಂದರು. 1891ರಲ್ಲಿ ಅದು ಲಂಡನ್ನಿನಲ್ಲಿಯೂ ಅಚ್ಚಾಯಿತು. ಕಾದಂಬರಿಕಾರ ನಾತ್ಸುಮೆ ಸೊಸೆಕಿ ಡಿಕ್ಸನ್ನರ ಶಿಷ್ಯರಲ್ಲೊಬ್ಬರು. ಆದರೆ ಗುರುವಿನ ಈ ಕೆಲಸವನ್ನು ಮುಂದಕ್ಕೊಯ್ದವರು ಇನ್ನೊಬ್ಬ ಶಿಷ್ಯ, ಸೆಂಡೈ ಊರಿನ ಸೈತೊ ಹಿದೆಸಬುರೊ (1866–1929).

ಸೈತೊ ಎಂಜಿನಿಯರಿಂಗ್ ಓದನ್ನು ಅರ್ಧಕ್ಕೇ ಬಿಟ್ಟವರು, ವಿದೇಶಕ್ಕೆ ಕಾಲಿಡದವರು. 1896ರಲ್ಲಿ ಟೋಕಿಯೋದ ಕಾಂಡಾದಲ್ಲಿ ಸೇಸೊಕು ಇಂಗ್ಲಿಷ್ ಶಾಲೆಯನ್ನು ತೆರೆದರು. ನುಡಿಗಟ್ಟೆಂದರೆ ಗಾದೆ, ರೂಪಕ, ವಿಚಿತ್ರ ಪದಪುಂಜ ಎಂದು ಜನ ತಿಳಿದಿದ್ದ ಕಾಲದಲ್ಲಿ, ಭಾಷೆಯ ಜೀವ ಇರುವುದು ದಿನಬಳಕೆಯ ಪುಟ್ಟ ಪದಗಳ ಕೂಡಿಕೆಯಲ್ಲಿ ಎಂದು ಅವರು ಕಂಡುಕೊಂಡರು. ಅವರ ನಿಜವಾದ ಕಾಣಿಕೆ ಇದೇ. ಮಗುವಿಗೂ ಗೊತ್ತಿರುವ ‘ಹ್ಯಾವ್’, ‘ಗೆಟ್’, ‘ವಿತ್’, ‘ಬೈ’ಗಳೇ ಕಲಿಯುವವನನ್ನು ಕೊನೆಯವರೆಗೂ ಕಾಡುವ ಪದಗಳು. ಉಪಸರ್ಗಗಳ ಮೇಲೆಯೇ ಅವರು ಪ್ರತ್ಯೇಕ ಗ್ರಂಥ ಬರೆದರು. 1915ರಲ್ಲಿ ಬಂದ ಅವರ ಇಂಗ್ಲಿಷ್-ಜಪಾನಿ ನಿಘಂಟು ನುಡಿಗಟ್ಟನ್ನೇ ನೆಲೆಯಾಗಿಟ್ಟುಕೊಂಡದ್ದು. ಅದರಲ್ಲಿ ಕೆಲವು ಇಂಗ್ಲಿಷ್ ಉಕ್ತಿಗಳಿಗೆ ಜಪಾನಿ ಜನಪದ ಹಾಡಿನ ಲಯದಲ್ಲೇ ಅನುವಾದ ಕೊಟ್ಟಿದ್ದರು. ಪದವನ್ನಲ್ಲ, ಮಾತಿನ ಧಾಟಿಯನ್ನು ದಾಟಿಸಬೇಕೆಂಬ ಹಟ ಅದರಲ್ಲಿ ಕಾಣುತ್ತದೆ.

ಅಷ್ಟರಲ್ಲಿ ಪ್ರವೇಶ ಪರೀಕ್ಷೆಗಳ ಪೈಪೋಟಿ ಬಲವಾಗಿತ್ತು. ನುಡಿಗಟ್ಟುಗಳ ಪಟ್ಟಿಯನ್ನು ಉರುಹೊಡೆಯುವುದೇ ಅನೇಕರ ಪಾಲಿಗೆ ಇಂಗ್ಲಿಷ್ ಓದಾಯಿತು. 1922ರಲ್ಲಿ ಶಿಕ್ಷಣ ಇಲಾಖೆಯ ಸಲಹೆಗಾರರಾಗಿ ಬಂದ ಹೆರಾಲ್ಡ್ ಪಾಮರ್ ಬೇರೆ ದಾರಿ ಹಿಡಿದರು. ಮರುವರ್ಷ ಇಂಗ್ಲಿಷ್ ಬೋಧನಾ ಸಂಶೋಧನಾ ಸಂಸ್ಥೆ ಸ್ಥಾಪಿಸಿ, ಮೊದಲು ಕಿವಿ, ಆಮೇಲೆ ಬಾಯಿ, ಕೊನೆಗೆ ಕಣ್ಣು ಎಂಬ ಕ್ರಮದಲ್ಲಿ ಅಭ್ಯಾಸ ಮಾಡಿಸಿದರು. ಒಂದೇ ವಾಕ್ಯದ ಅಚ್ಚಿನಲ್ಲಿ ಪದಗಳನ್ನು ಬದಲಾಯಿಸುತ್ತ ಹೇಳಿ ರೂಢಿಸಿಕೊಳ್ಳುವುದು ಅವರ ಪಾಠದ ಮುಖ್ಯ ಅಂಗ. ಸದಾ ಜೊತೆಯಾಗಿ ಬರುವ ಪದಗುಚ್ಛಗಳನ್ನು ಕಲೆಹಾಕಿದ ಸಂಸ್ಥೆಯ ವರದಿ 1933ರಲ್ಲಿ ಪ್ರಕಟವಾಯಿತು.

ಈ ಕೆಲಸದಲ್ಲಿ ಪಾಮರ್ ಜೊತೆಗೂಡಿದ ಎ. ಎಸ್. ಹಾರ್ನ್‌ಬಿ 1924ರಲ್ಲಿ ಸಾಹಿತ್ಯ ಕಲಿಸಲೆಂದು ಓಯಿತಾಗೆ ಬಂದವರು. ವಿದ್ಯಾರ್ಥಿಗಳಿಗೆ ಮೊದಲು ಬೇಕಾದದ್ದು ಭಾಷೆ ಎಂಬುದು ಅವರಿಗೆ ಬೇಗ ಮನವರಿಕೆಯಾಯಿತು. ಗೇಟನ್‌ಬಿ, ವೇಕ್‌ಫೀಲ್ಡ್ ಅವರೊಡನೆ ರಚಿಸಿದ ನಿಘಂಟನ್ನು 1942ರಲ್ಲಿ, ಇಂಗ್ಲಿಷ್ ಶತ್ರುಭಾಷೆಯಾಗಿದ್ದ ಯುದ್ಧಕಾಲದಲ್ಲೇ, ಟೋಕಿಯೋದ ಕೈತಾಕುಶಾ ಪ್ರಕಟಿಸಿತು. ಕ್ರಿಯಾಪದಗಳನ್ನು 25 ಮಾದರಿಗಳಲ್ಲಿ ವಿಂಗಡಿಸಿದ್ದರಿಂದ, ‘ಎಂಜಾಯ್’ ಆದಮೇಲೆ ‘ಸ್ವಿಮಿಂಗ್’ ಬರುತ್ತದೆಯೇ ಹೊರತು ‘ಟು ಸ್ವಿಮ್’ ಅಲ್ಲವೆಂಬುದನ್ನು ಕಲಿಯುವವನು ತಾನೇ ನೋಡಿಕೊಳ್ಳಬಹುದಿತ್ತು. ನಾಮಪದಗಳಲ್ಲಿ ಎಣಿಸಬಹುದಾದವು, ಎಣಿಸಲಾಗದವು ಎಂಬ ಗುರುತೂ ಇತ್ತು.

1948ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಆ ಪುಟಗಳನ್ನೇ ಫೋಟೊ ತೆಗೆದು ಮರುಮುದ್ರಿಸಿತು. ಮುಂದೆ ‘ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ ಎಂದು ಹೆಸರಾಗಿ ಕರ್ನಾಟಕದ ಕಾಲೇಜು ವಿದ್ಯಾರ್ಥಿಗಳ ಮೇಜಿಗೂ ಬಂದದ್ದು ಇದೇ ಪುಸ್ತಕ. ಇತ್ತ ಜಪಾನಿನಲ್ಲಿ ಸೈತೊ ಅವರ ನಿಘಂಟು ಇವಾನಾಮಿ ಪ್ರಕಾಶನದಿಂದ ಪರಿಷ್ಕೃತಗೊಂಡು, 2016ರಲ್ಲಿ ಹೊಸ ಆವೃತ್ತಿಯಾಗಿ ಮತ್ತೆ ಹೊರಬಂತು.