ಎತ್ತುವ ಯಂತ್ರವೋ, ಹಿಡಿಯುವ ಯಂತ್ರವೋ? ಹಡಗಿನ ವಿಂಡ್‌ಲಾಸ್ ಕುರಿತು ಒಂದು ವಿವೇಚನೆ

ವಿಂಡ್‌ಲಾಸ್ ಎಂದರೆ ಲಂಗರನ್ನು ಮೇಲೆತ್ತುವ ಯಂತ್ರ ಎಂಬುದು ರೂಢಿಯ ವ್ಯಾಖ್ಯೆ. ಅಡ್ಡಲಾಗಿ ಮಲಗಿಸಿದ ಉರುಳೆಗೆ ಹಗ್ಗವನ್ನೋ ಸರಪಳಿಯನ್ನೋ ಸುತ್ತಿ ಎಳೆದರೆ ಅದು ವಿಂಡ್‌ಲಾಸ್. ಉರುಳೆ ನೆಟ್ಟಗೆ ನಿಂತಿದ್ದರೆ ಕ್ಯಾಪ್‌ಸ್ಟನ್. ಸನ್ನೆಯ ಉದ್ದ ಉರುಳೆಯ ತ್ರಿಜ್ಯದ ಎಷ್ಟು ಪಟ್ಟು ಇದೆಯೋ ಎಳೆಯುವ ಬಲವೂ ಅಷ್ಟು ಪಟ್ಟು ಹೆಚ್ಚುತ್ತದೆ. ಅಲೆಕ್ಸಾಂಡ್ರಿಯಾದ ಹೆರಾನ್ ತನ್ನ ಯಂತ್ರಶಾಸ್ತ್ರದ ಗ್ರಂಥದಲ್ಲಿ ಹೆಸರಿಸಿದ ಐದು ಮೂಲಯಂತ್ರಗಳಲ್ಲಿ ಇದೂ ಒಂದು. ಹೀಗಾಗಿ ವಿಂಡ್‌ಲಾಸಿನ ಚರಿತ್ರೆಯನ್ನು ಬಲವೃದ್ಧಿಯ ಚರಿತ್ರೆಯಾಗಿ ಬರೆಯುವುದು ವಾಡಿಕೆಯಾಗಿದೆ: ಮೊದಲು ಮನುಷ್ಯರ ತೋಳು, ಆಮೇಲೆ ಹಬೆ, ಬಳಿಕ ವಿದ್ಯುತ್ತು ಮತ್ತು ಹೈಡ್ರಾಲಿಕ್ ಮೋಟಾರು. ಈ ನಿರೂಪಣೆಯಲ್ಲಿ ತಪ್ಪಿಲ್ಲ, ಆದರೆ ಅದು ಯಂತ್ರದ ಮುಖ್ಯ ಗುಣವನ್ನು ಬದಿಗೆ ಸರಿಸುತ್ತದೆ. ಹಡಗಿನ ವಿಂಡ್‌ಲಾಸ್ ಮೊದಲು ಹಿಡಿಯುವ ಯಂತ್ರ, ಆಮೇಲೆ ಎತ್ತುವ ಯಂತ್ರ ಎಂಬುದು ಈ ಲೇಖನದ ವಾದ. ಅದರ ರಚನೆ, ಅದನ್ನು ಬಳಸುವ ಕ್ರಮ, ಇಂದಿನ ವಿನ್ಯಾಸ ನಿಯಮಗಳು ಮತ್ತು ಅದು ಕೈಕೊಟ್ಟಾಗ ಆಗುವ ಅಪಘಾತಗಳು, ಈ ನಾಲ್ಕೂ ಒಂದೇ ಕಡೆಗೆ ಬೊಟ್ಟು ಮಾಡುತ್ತವೆ.

ಬಾವಿಯಿಂದ ನೀರು ಸೇದುವಾಗ ಕೊಡದ ಭಾರ ತಳದಿಂದ ಕಟ್ಟೆಯವರೆಗೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಸೇದುವವರ ಕಾಲಡಿಯ ನೆಲವೂ ಅಲುಗುವುದಿಲ್ಲ. ಲಂಗರಿನ ವಿಷಯದಲ್ಲಿ ಇವೆರಡೂ ಸುಳ್ಳು. ಲಂಗರು ಎತ್ತುವ ಕೆಲಸದ ಬಹುಭಾಗದಲ್ಲಿ ಲಂಗರು ಚಲಿಸುವುದೇ ಇಲ್ಲ. ಅದು ಕಡಲತಳವನ್ನು ಕಚ್ಚಿಕೊಂಡಿರುತ್ತದೆ, ಹಡಗು ಅದರತ್ತ ಸಾಗುತ್ತದೆ. ಸರಪಳಿ ಕ್ರಮೇಣ ಗಿಡ್ಡವಾಗಿ ಕೊನೆಗೆ ನೇರ ಕೆಳಕ್ಕೆ ನಿಲ್ಲುತ್ತದೆ. ಆಗ ಲಂಗರು ಮಣ್ಣಿನಿಂದ ಕಿತ್ತು ಬರಬೇಕು. ಆ ಬಳಿಕವಷ್ಟೇ ಅದು ತೂಗುವ ಭಾರವಾಗುತ್ತದೆ. ಈ ಮೂರು ಘಟ್ಟಗಳುದ್ದಕ್ಕೂ ಹಡಗಿನ ಮುಂಭಾಗ ತೆರೆಗಳ ಮೇಲೆ ಏರಿಳಿಯುತ್ತಿರುತ್ತದೆ. ಮುಂಭಾಗ ಏರಿದಾಗ ಸರಪಳಿಯ ಬಿಗಿತ ಒಮ್ಮೆಲೇ ಹೆಚ್ಚುತ್ತದೆ, ಇಳಿದಾಗ ಸಡಿಲಾಗುತ್ತದೆ. ಅಂದರೆ ವಿಂಡ್‌ಲಾಸಿನ ಎದುರಿಗಿರುವುದು ನಿಶ್ಚಲ ತೂಕವಲ್ಲ, ಇಡೀ ಹಡಗಿನ ದ್ರವ್ಯರಾಶಿಯನ್ನು ಬೆನ್ನಿಗಿಟ್ಟುಕೊಂಡು ಹೊಡೆಯುವ ಏರಿಳಿತದ ಬಲ. ಆ ಬಲವನ್ನು ಎಳೆದು ಗೆಲ್ಲಲು ಯಾವ ಸನ್ನೆಗೂ ಸಾಧ್ಯವಿಲ್ಲ. ಸಡಿಲಾದಾಗ ಸರಪಳಿಯನ್ನು ಒಳಗೆಳೆದುಕೊಂಡು, ಬಿಗಿಯಾದಾಗ ಬಿಟ್ಟುಕೊಡದೆ ನಿಂತರೆ ಮಾತ್ರ ಕೆಲಸ ಮುಂದುವರಿಯುತ್ತದೆ.

ಮರದ ಹಡಗುಗಳ ಕಾಲದ ರಚನೆ ಈ ಅರಿವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆ ವಿಂಡ್‌ಲಾಸಿನ ಉರುಳೆಯಲ್ಲಿ ಸಾಲಾಗಿ ತೂತುಗಳಿದ್ದವು. ನಾವಿಕರು ಅವುಗಳಲ್ಲಿ ಸನ್ನೆಗೋಲು ತೂರಿಸಿ ಒಂದಿಷ್ಟು ತಿರುಗಿಸಿ, ಕೋಲನ್ನು ಕಿತ್ತು ಮುಂದಿನ ತೂತಿಗೆ ಹಾಕುತ್ತಿದ್ದರು. ಕೋಲು ಕಿತ್ತು ಹಾಕುವ ಆ ಬಿಡುವಿನಲ್ಲಿ ಉರುಳೆಯನ್ನು ಹಿಡಿದು ನಿಲ್ಲಿಸುತ್ತಿದ್ದುದು ತಡೆಹಲ್ಲು, ಅಂದರೆ ಗಟ್ಟಿ ಕಂಬವೊಂದಕ್ಕೆ ಜೋಡಿಸಿದ ಕಬ್ಬಿಣದ ಅಡ್ಡಗೂಟ. ಅದಿಲ್ಲದೆ ಈ ಯಂತ್ರ ಒಂದು ಸುತ್ತೂ ಮುಗಿಸಲಾರದು. ಉದ್ದದಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸವಿರುವ ಹಲವು ತಡೆಹಲ್ಲುಗಳನ್ನು ಅಕ್ಕಪಕ್ಕ ಜೋಡಿಸುತ್ತಿದ್ದುದೂ ಇದೇ ಕಾರಣಕ್ಕೆ: ಒಂದಲ್ಲ ಒಂದು ಹಲ್ಲು ಬೇಗ ಕಚ್ಚಿಕೊಂಡರೆ ಗಳಿಸಿದ ಅಂಗುಲವೂ ಕೈತಪ್ಪುವುದಿಲ್ಲ. ಅನುಭವಿ ನಾವಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಲಂಗರು ಕೆಸರಿನಲ್ಲಿ ಆಳವಾಗಿ ಹೂತು ತೋಳಬಲಕ್ಕೆ ಜಗ್ಗದಿದ್ದಾಗ, ಹಡಗಿನ ಮುಂಭಾಗ ಇಳಿದ ಕ್ಷಣದಲ್ಲಿ ಸರಪಳಿಯನ್ನು ಬಿಗಿದು ತಡೆಹಲ್ಲಿಗೆ ಒಪ್ಪಿಸುತ್ತಿದ್ದರು. ಮುಂದಿನ ತೆರೆ ಹಡಗನ್ನೇ ಎತ್ತಿ ಲಂಗರನ್ನು ಕಿತ್ತುಕೊಡುತ್ತಿತ್ತು. ಕೀಳುವ ಶಕ್ತಿ ಕಡಲಿನದು, ಯಂತ್ರದ್ದು ಹಿಡಿತ ಮಾತ್ರ. ಸಣ್ಣ ವ್ಯಾಪಾರಿ ಹಡಗುಗಳಲ್ಲಿ ಲಂಗರು ಹಾಕಿ ನಿಂತಿರುವಾಗಲೂ ಹಗ್ಗವನ್ನು ವಿಂಡ್‌ಲಾಸಿನ ಉರುಳೆಯ ಮೇಲೇ ಬಿಡುವ ಪದ್ಧತಿಯಿತ್ತು. ಎತ್ತುವ ಕೆಲಸ ಗಂಟೆಗಳದ್ದಾದರೆ, ಹಿಡಿದು ನಿಲ್ಲುವ ಕೆಲಸ ದಿನಗಳದ್ದು.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ದೊಡ್ಡ ಯುದ್ಧನೌಕೆಗಳಲ್ಲಿ ನೂರಾರು ಮಂದಿ ಕ್ಯಾಪ್‌ಸ್ಟನ್ನಿನ ಸುತ್ತ ನಡೆಯುತ್ತ ಲಂಗರೆತ್ತುತ್ತಿದ್ದರಲ್ಲ, ಅದು ಅಪ್ಪಟ ಬಲಪ್ರಯೋಗವಲ್ಲವೆ? ಬ್ರಿಟಿಷ್ ನೌಕಾಪತಿ ನೆಲ್ಸನ್ನನ ವಿಕ್ಟರಿ ನೌಕೆಯ ಏರ್ಪಾಡನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಅದರ ಲಂಗರಿನ ಸೆಣಬಿನ ಹಗ್ಗ ಸುತ್ತಳತೆಯಲ್ಲಿ 24 ಅಂಗುಲ. ಅಷ್ಟು ದಪ್ಪದ ಹಗ್ಗವನ್ನು ಕ್ಯಾಪ್‌ಸ್ಟನ್ನಿಗೆ ಸುತ್ತುವುದು ಆಗದ ಮಾತು. ಅದಕ್ಕಾಗಿ ಕೊನೆಗಳನ್ನು ಸೇರಿಸಿ ಬಳೆಯಂತೆ ಮಾಡಿದ ತೆಳುವಾದ ಇನ್ನೊಂದು ಹಗ್ಗವನ್ನು ಕ್ಯಾಪ್‌ಸ್ಟನ್ನಿಗೆ ಸುತ್ತಿ, ಲಂಗರಿನ ಹಗ್ಗವನ್ನು ಅದಕ್ಕೆ ಸಣ್ಣ ದಾರಗಳಿಂದ ಕಟ್ಟುತ್ತ, ಒಳಬಂದಂತೆ ಬಿಚ್ಚುತ್ತ ಹೋಗುತ್ತಿದ್ದರು. ನಡೆಯುವವರ ಬಲವೆಲ್ಲ ಲಂಗರನ್ನು ತಲುಪುತ್ತಿದ್ದುದು ಈ ಕಟ್ಟುಗಳ ಮೂಲಕ. ಕಟ್ಟು ಜಾರಿದರೆ ಸಾಲು ಸಾಲು ಜನರ ಶ್ರಮ ಅಲ್ಲೇ ನಿಷ್ಫಲ. ಕ್ಯಾಪ್‌ಸ್ಟನ್ನಿನ ಬುಡದಲ್ಲಿಯೂ ತಡೆಹಲ್ಲುಗಳಿದ್ದವು. ಅವು ಸೋತರೆ ಉರುಳೆ ಹಿಮ್ಮುಖವಾಗಿ ತಿರುಗಿ ಸನ್ನೆಗೋಲುಗಳು ತಳ್ಳುವವರನ್ನೇ ಬಡಿದು ಕೆಡಹುತ್ತಿದ್ದವು. ಜನರ ಸಂಖ್ಯೆ ಹೆಚ್ಚಿದಷ್ಟೂ ಹಿಡಿತದ ಸಮಸ್ಯೆ ತೀವ್ರವಾಯಿತೇ ಹೊರತು ಕಡಿಮೆಯಾಗಲಿಲ್ಲ.

ಕಬ್ಬಿಣದ ಸರಪಳಿ ಬಂದಾಗ ಈ ಪ್ರಶ್ನೆಗೆ ಹೊಸ ಉತ್ತರ ದೊರೆಯಿತು. ಬ್ರಿಟಿಷ್ ನೌಕಾಧಿಕಾರಿ ಸ್ಯಾಮ್ಯುಯೆಲ್ ಬ್ರೌನ್ 1808ರಲ್ಲಿ ಸರಪಳಿಗೆ ಪೇಟೆಂಟ್ ಪಡೆದ. 1813ರಲ್ಲಿ ಥಾಮಸ್ ಬ್ರಂಟನ್ ಪ್ರತಿ ಕೊಂಡಿಯ ನಡುವೆ ಅಡ್ಡಗಟ್ಟಿ ಇರುವ ಸರಪಳಿಗೆ ಪೇಟೆಂಟ್ ಪಡೆದ. ಹಗ್ಗ ಉರುಳೆಯನ್ನು ಹಿಡಿಯುವುದು ಘರ್ಷಣೆಯಿಂದ. ಸರಪಳಿಯ ಕೊಂಡಿಗಳಾದರೋ ಆಕಾರಕ್ಕೆ ತಕ್ಕಂತೆ ಗುಳಿ ತೋಡಿದ ಚಕ್ರದಲ್ಲಿ ಹಲ್ಲಿಗೆ ಹಲ್ಲು ಕೂತಂತೆ ಕೂರುತ್ತವೆ. ಜಾರುವ ಪ್ರಶ್ನೆಯೇ ಇಲ್ಲವಾಯಿತು. ಇಂದಿನ ವಿಂಡ್‌ಲಾಸಿನ ಹೃದಯ ಈ ಚಕ್ರವೇ. ಅದನ್ನು ಮೋಟಾರಿಗೆ ಜೋಡಿಸುವುದು ಕ್ಲಚ್. ಕ್ಲಚ್ ಬಿಡಿಸಿದರೆ ಚಕ್ರ ಮೋಟಾರಿನ ಹಂಗಿಲ್ಲದೆ ಪಟ್ಟಿ ಬ್ರೇಕಿನ ಹಿಡಿತಕ್ಕೆ ಬರುತ್ತದೆ. ಹೀಗೆ ಎತ್ತುವ ಅಂಗವೂ ಹಿಡಿಯುವ ಅಂಗವೂ ಒಂದೇ ಯಂತ್ರದಲ್ಲಿ ಬೇರೆ ಬೇರೆಯಾಗಿ ನಿಂತವು, ಎರಡನ್ನೂ ಪ್ರತ್ಯೇಕವಾಗಿ ಅಳೆಯುವುದು ಸಾಧ್ಯವಾಯಿತು.

ಆ ಅಳತೆಯೇ ಈ ವಾದಕ್ಕೆ ಅತ್ಯಂತ ಗಟ್ಟಿಯಾದ ಆಧಾರ. ನಮ್ಮ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಕೂಡ ಸದಸ್ಯವಾಗಿರುವ ಅಂತರರಾಷ್ಟ್ರೀಯ ವರ್ಗೀಕರಣ ಸಂಸ್ಥೆಗಳ ಒಕ್ಕೂಟದ ಏಕರೂಪ ನಿಯಮದಂತೆ, ಮೂರನೆಯ ದರ್ಜೆಯ ಸರಪಳಿಗೆ ವಿಂಡ್‌ಲಾಸ್ ಸತತ 30 ನಿಮಿಷ ಎಳೆಯಬೇಕಾದ ಬಲ, ಮಿಲಿಮೀಟರಿನಲ್ಲಿ ಅಳೆದ ಕೊಂಡಿಯ ವ್ಯಾಸದ ವರ್ಗವನ್ನು 47.5ರಿಂದ ಗುಣಿಸಿದಷ್ಟು ನ್ಯೂಟನ್. ಇದು 82.5 ಮೀಟರ್ ಆಳದವರೆಗೆ ಲಂಗರು ಹಾಕುವುದಕ್ಕೆ ಅನ್ವಯಿಸುವ ಲೆಕ್ಕ. 80 ಮಿಲಿಮೀಟರ್ ಸರಪಳಿಗೆ ಅದು ಸುಮಾರು 304 ಕಿಲೋನ್ಯೂಟನ್. 82.5 ಮೀಟರ್ ಉದ್ದದ ಅಂಥ ಸರಪಳಿ ಸುಮಾರು ಹನ್ನೊಂದೂವರೆ ಟನ್, ಅದಕ್ಕೆ ಲಂಗರಿನ ತೂಕವೂ ಸೇರುತ್ತದೆ. ನೀರಿನ ತೇಲುಬಲವನ್ನು ಕಳೆದು, ಸರಪಳಿ ಹಾದುಬರುವ ಕೊಳವೆಯ ಘರ್ಷಣೆಯನ್ನು ಕೂಡಿಸಿದರೆ ಬರುವ ಮೊತ್ತ ಆ 304 ಕಿಲೋನ್ಯೂಟನ್‌ಗಿಂತ ಸ್ವಲ್ಪ ಕಡಿಮೆ. ಅಂದರೆ ಮೋಟಾರಿಗೆ ಕೊಟ್ಟಿರುವುದು ತೂಗುವ ಭಾರವನ್ನು ಎತ್ತಲು ಬೇಕಾದ ಶಕ್ತಿ ಮತ್ತು ಅದರ ಮೇಲೆ ಸ್ವಲ್ಪ. ಬ್ರೇಕಿನ ಲೆಕ್ಕವೇ ಬೇರೆ. ಸರಪಳಿಯನ್ನು ನೇರವಾಗಿ ಹಿಡಿದು ನಿಲ್ಲಿಸುವ ಪ್ರತ್ಯೇಕ ಸಾಧನ, ಅಂದರೆ ಚೈನ್ ಸ್ಟಾಪರ್, ಇಲ್ಲದಿದ್ದರೆ ಅದು ಸರಪಳಿ ಕಡಿಯುವ ಬಲದ 80 ಪ್ರತಿಶತವನ್ನು ತಡೆಯಬೇಕು. ಇದೇ ಸರಪಳಿ ಕಡಿಯುವುದು ಸುಮಾರು 4,700 ಕಿಲೋನ್ಯೂಟನ್‌ಗೆ. ಬ್ರೇಕು ತಡೆಯಬೇಕಾದದ್ದು ಸುಮಾರು 3,775. ಎಳೆಯುವ ಶಕ್ತಿಯ ಹನ್ನೆರಡು ಪಟ್ಟಿಗೂ ಹೆಚ್ಚು ಹಿಡಿಯುವ ಶಕ್ತಿಯನ್ನು ನಿಯಮವೇ ಕೇಳುತ್ತದೆ.

ಇದಕ್ಕೆ ಎರಡು ಮರುವಾದಗಳು ಬರಬಹುದು. ಯಾವ ಯಂತ್ರಕ್ಕಾದರೂ ಸುರಕ್ಷತೆಗೆ ಹೆಚ್ಚುವರಿ ಬಲ ಇಡುತ್ತಾರೆ, ಇದೂ ಹಾಗೆಯೇ ಎಂಬುದು ಮೊದಲನೆಯದು. ಸುರಕ್ಷತೆಯ ಅಂಚು ಎಂದರೆ ಒಂದೇ ಭಾರಕ್ಕೆ ಕೂಡಿಸಿದ ಹೆಚ್ಚಳ. ಇಲ್ಲಿ ಅಳತೆಗೋಲೇ ಎರಡು. ಮೋಟಾರನ್ನು ತೂಗುವ ತೂಕದಿಂದ, ಬ್ರೇಕನ್ನು ಸರಪಳಿ ಕಡಿಯುವ ಬಲದಿಂದ ನಿರ್ಧರಿಸಲಾಗಿದೆ. ಚೈನ್ ಸ್ಟಾಪರ್ ಇರುವಲ್ಲಿ ಹಿಡಿತ ಅದರ ಪಾಲು, ವಿಂಡ್‌ಲಾಸಿನದಲ್ಲ ಎಂಬುದು ಎರಡನೆಯದು. ಇದು ನ್ಯಾಯವಾದ ಮಾತು, ನನ್ನ ವಾದದ ವ್ಯಾಪ್ತಿಯನ್ನು ಅಷ್ಟರಮಟ್ಟಿಗೆ ಇದು ಕುಗ್ಗಿಸುತ್ತದೆ. ಆದರೆ ಸ್ಟಾಪರ್ ಇದ್ದಾಗಲೂ ಬ್ರೇಕು ಕಡಿಯುವ ಬಲದ 45 ಪ್ರತಿಶತವನ್ನು ತಡೆಯಲೇಬೇಕು. ಅದು ಮೋಟಾರಿನ ಎಳೆತದ ಸುಮಾರು ಏಳು ಪಟ್ಟು. ಲಂಗರು ಬಿಡುವ ಮತ್ತು ಎತ್ತುವ ಹೊತ್ತಿನಲ್ಲಂತೂ ಸ್ಟಾಪರ್ ತೆರೆದೇ ಇರುತ್ತದೆ. ಆಗ ಹಿಡಿತವೆಲ್ಲ ವಿಂಡ್‌ಲಾಸಿನದೇ.

ಈ ಭೇದವನ್ನು ಮರೆತರೆ ಆಗುವುದೇನು ಎಂಬುದಕ್ಕೆ ಯಂಗ್ ಲೇಡಿ ಎಂಬ ತೈಲವಾಹಕದ ಪ್ರಕರಣ ಸಾಕ್ಷಿ. 2007ರ ಜೂನ್ 25ರಂದು ಇಂಗ್ಲೆಂಡಿನ ಟೀಸ್ ಕೊಲ್ಲಿಯಲ್ಲಿ ಬಿರುಗಾಳಿಗೆ ಅದರ ಲಂಗರು ಎಳೆದುಕೊಂಡು ಹೋಗತೊಡಗಿತು. ಲಂಗರೆತ್ತಿ ಹೊರಡುವ ಯತ್ನದಲ್ಲಿ ವಿಂಡ್‌ಲಾಸಿನ ಹೈಡ್ರಾಲಿಕ್ ಮೋಟಾರು ಒಡೆದುಹೋಯಿತು, ಸರಪಳಿ ಕೊನೆಯವರೆಗೂ ಹರಿದು ಹೊರಹೋಯಿತು, ಲಂಗರು ಕಡಲತಳದ ಅನಿಲ ಕೊಳವೆಗೆ ಸಿಕ್ಕಿಕೊಂಡಿತು. ತೂಗುವ ಭಾರಕ್ಕೆಂದು ಅಳೆದ ಅಂಗದ ಮೇಲೆ ಇಡೀ ಹಡಗಿನ ಏರಿಳಿತ ಬಿದ್ದರೆ ಫಲಿತಾಂಶ ಹೀಗೆಯೇ. ಲಂಗರು ಸಲಕರಣೆಯ ನಿಯಮಗಳು ಬಂದರಿನೊಳಗೆ ಅಥವಾ ಆಸರೆಯುಳ್ಳ ನೀರಿನಲ್ಲಿ ತಾತ್ಕಾಲಿಕವಾಗಿ ನಿಲ್ಲುವುದನ್ನು ಉದ್ದೇಶಿಸಿವೆ. ನೈಋತ್ಯ ಮಾರುತಕ್ಕೆ ತೆರೆದುಕೊಂಡ ನಮ್ಮ ಮಂಗಳೂರು ಕರಾವಳಿಯಂಥ ಕಡೆ ಬಂದರಿನ ಹೊರಗೆ ಕಾಯುವ ಹಡಗಿಗೆ ಈ ಮಿತಿ ಜೀವನ್ಮರಣದ ಸಂಗತಿ. ತೆರೆ ಹೆಚ್ಚುವ ಮೊದಲೇ ಲಂಗರೆತ್ತುವುದು, ಎತ್ತುವಾಗ ಮುಖ್ಯ ಎಂಜಿನ್ ಬಳಸಿ ಹಡಗನ್ನು ಸರಪಳಿಯತ್ತ ನಡೆಸುವುದು, ಬ್ರೇಕಿನ ಪಟ್ಟಿಯ ಸವೆತವನ್ನು ಮೋಟಾರಿನಷ್ಟೇ ನಿಗಾದಿಂದ ನೋಡುವುದು, ಇವೆಲ್ಲ ಆ ಅರಿವಿನಿಂದ ಹುಟ್ಟುವ ಶಿಸ್ತುಗಳು. ಹಾಗಾಗಿ ನೌಕಾ ಶಿಕ್ಷಣದಲ್ಲಿ ವಿಂಡ್‌ಲಾಸಿನ ಪಾಠ ಅದರ ಎಳೆತದ ಅಂಕಿಯಿಂದಲ್ಲ, ಹಿಡಿತದ ಅಂಕಿಯಿಂದ ಆರಂಭವಾಗಬೇಕು. ಎರಡು ಅಂಕಿಗಳ ನಡುವಿನ ಅಂತರ ಮನಸ್ಸಿನಲ್ಲಿ ನಿಂತ ಅಧಿಕಾರಿ, ಮೋಟಾರಿನಿಂದ ಆಗದ ಕೆಲಸವನ್ನು ಬಿರುಗಾಳಿಯ ನಡುವೆ ಅದರ ಹೆಗಲಿಗೆ ಹೊರಿಸಲಾರ.